ಭಾವನ ಪಾಲಿನ ಹನಿ

ಎಣ್ಣೆ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಊರು ತಿರುಗುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗಬಾರದು ಅಂತ ಎಷ್ಟು ಎಚ್ಚರವಾಗಿದ್ದರೂ ಆಗುತ್ತವೆ. ನನ್ನ ಲೆಕ್ಕದಲ್ಲಂತೂ ಎಚ್ಚರವಾಗಿದ್ದ ದಿನವೇ ಹೆಚ್ಚು ಆಗಿವೆ.

ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಟಿಲ್ಲರ್, ಪಂಪ್‌ಸೆಟ್, ಔಷಧಿ ಹೊಡೆಯುವ ಸ್ಪ್ರೇಯರ್, ಹುಲ್ಲು ಕತ್ತರಿಸುವ ಮಷೀನು, ಯಾವುದು ಕೆಟ್ಟರೂ ಬರುತ್ತದೆ. ನನ್ನ ಹತ್ತಿರ ಉದ್ದ ಮೂತಿಯ ಒಂದು ಪುಟ್ಟ ಡಬ್ಬಿ ಇದೆ. ಅದರೊಳಗೆ ಎಲ್ಲದಕ್ಕೂ ಆಗುವ ತೆಳು ಎಣ್ಣೆ. ತುಕ್ಕು ಹಿಡಿದ ನಟ್ಟಿಗೂ ಅದೇ, ಬೀಗಕ್ಕೂ ಅದೇ, ಸೈಕಲ್ ಚೈನಿಗೂ, ಕತ್ತರಿಗೂ, ಬಾಗಿಲ ಬಿಜಾಗ್ರಿಗೂ ಅದೇ. ಎಲ್ಲಾದರೂ ಕಿರ್ರ್ ಅಂದರೆ ಸಾಕು, ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇದು ಕಸುಬೋ ಕಾಯಿಲೆಯೋ ಅಂತ ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾಳೆ. ಉತ್ತರ ನನಗೂ ಗೊತ್ತಿಲ್ಲ.

ಈ ಪ್ರಸಂಗಗಳನ್ನು ಅಂಗಡಿಗೆ ಬಂದವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಗುವಾಗ ಒಳಗೆಲ್ಲೋ ಚುರುಕ್ ಅನ್ನುತ್ತದೆ. ಯಾಕೆಂದರೆ ಈ ಡಬ್ಬಿಯ ದೆಸೆಯಿಂದ ಒಬ್ಬರು ನಾಲ್ಕು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರು ನನ್ನ ಹೆಂಡತಿಯ ಅಣ್ಣ, ನನ್ನ ಭಾವ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹತ್ತಿರದ ಹಳ್ಳಿಯವರು, ಗದ್ದೆ ಮಾಡುತ್ತಾರೆ. ಭಾವ ಅನ್ನುವುದು ಸಂಬಂಧದ ಲೆಕ್ಕಕ್ಕೆ ಅಷ್ಟೆ. ನಿಜ ಹೇಳಬೇಕೆಂದರೆ ನನಗಿದ್ದ ಒಬ್ಬನೇ ಗೆಳೆಯ ಅವರು.

ಕೂಗದ ಬೋರಿಂಗು

ಮೊದಲು ಸಣ್ಣದೊಂದನ್ನು ಹೇಳಿಬಿಡುತ್ತೇನೆ. ನನ್ನ ಕಾಯಿಲೆ ಎಂಥದ್ದು ಅಂತ ನಿಮಗೆ ಗೊತ್ತಾಗಬೇಕು.

ನಮ್ಮ ಬೀದಿಯಲ್ಲೊಂದು ಕೈಪಂಪಿನ ಬೋರಿಂಗು ಇದೆ. ಹಿಡಿ ಒತ್ತಿದರೆ ಕೀಂಯ್ ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ ಹಿಡಿಯ ಪಿನ್ನಿಗೂ ಚೈನಿಗೂ ಎಣ್ಣೆ ಬಿಟ್ಟು ಬಂದೆ. ಬೋರಿಂಗು ಗಪ್‌ಚಿಪ್ಪಾಯಿತು. ನನಗೆ ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನ.

ಮೂರನೇ ದಿನ ಎದುರು ಮನೆಯ ಅಜ್ಜಿ ಖಾಲಿ ಕೊಡ ಹಿಡಿದುಕೊಂಡು ಅಂಗಡಿಗೆ ಬಂದರು. ಅವರಿಗೆ ಮಂಡಿನೋವು, ಸಾಲಿನಲ್ಲಿ ನಿಲ್ಲಲಾರರು.

"ಅದಕ್ಕೆ ಎಣ್ಣೆ ಹಾಕಿದ್ದು ನೀನೇ ಏನಪ್ಪಾ?"

"ಹೌದಜ್ಜಿ," ಅಂದೆ, ಹೊಗಳುತ್ತಾರೆ ಅಂತ.

"ಅದು ಕೂಗೋದು ನಿಂತ್ರೆ ಎಲ್ಲಾರದೂ ಮುಗೀತು ಅಂತ ನಾನು ಕೊಡ ತಗೊಂಡು ಹೋಗ್ತಿದ್ದೆ. ಈಗ ಕೂಗೋದೇ ಇಲ್ಲ. ಮೂರು ದಿನದಿಂದ ಹೋದಾಗೆಲ್ಲ ಹತ್ತು ಜನ ನಿಂತಿರ್ತಾರೆ. ನಿಂತೂ ನಿಂತೂ ಕಾಲು ಊದ್ಯಾವೆ ನೋಡು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕಾಲು ತೋರಿಸಿದರು. ಅವರ ಕೊಡ ನಾನೇ ತುಂಬಿಕೊಟ್ಟೆ. ಆಮೇಲೆ ಸೀಮೆಎಣ್ಣೆ, ಸೋಪಿನಪುಡಿ ಹಾಕಿ ತಿಕ್ಕಿ ತಿಕ್ಕಿ ಆ ಪಿನ್ನು ತೊಳೆದೆ. ಅರ್ಧ ದಿನ ಹಿಡಿಯಿತು. ಕೊನೆಗೆ ಒಂದು ಸಣ್ಣ ಕೀಂಯ್ ಬಂದಾಗ ನೋಡುತ್ತ ನಿಂತಿದ್ದ ಹೆಂಗಸರಲ್ಲಿ ಒಬ್ಬರು ಹೇಳಿದರು: "ಕೆಟ್ಟಿದ್ದನ್ನ ಸರಿ ಮಾಡೋರು ಬೇಕಾದಷ್ಟು ಜನ ಇದಾರ್ರೀ. ಸರಿ ಮಾಡಿದ್ದನ್ನ ಕೆಡಿಸಿ ಕೊಡೋರು ನೀವೊಬ್ಬರೇ ನೋಡ್ರಿ."

ದೇವರಿಗೂ ಸೈಲೆನ್ಸರ್

ಭಾವ ಪ್ರತಿ ವರ್ಷ ಆಯುಧಪೂಜೆಗೆ ನಮ್ಮ ಅಂಗಡಿಗೆ ತಪ್ಪದೆ ಬರುತ್ತಿದ್ದರು. ಅಂಗಡಿ ಶುರುವಾದ ದಿನ ಮೊದಲ ದೀಪ ಹಚ್ಚಿದ್ದು ಅವರೇ. ಅಂದಿನಿಂದ ಪೂಜೆಯ ದೀಪ ಅವರ ಕೈಯದೇ. ಪೂಜೆ ಮುಗಿದ ಮೇಲೆ ಇಬ್ಬರೂ ಬೈಕಿನಲ್ಲಿ ಅಂಬ್ಲಿಗೊಳ ಡ್ಯಾಮಿನ ಏರಿಯ ಮೇಲೆ ಹೋಗಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂರುವುದು. ಮಾತು ಅಂದರೆ ಅಂಥ ಮಾತೇನೂ ಇಲ್ಲ. ನೀರು ಎಷ್ಟಿದೆ, ಈ ಸಲ ಕಾಲುವೆಗೆ ಯಾವಾಗ ಬಿಡುತ್ತಾರೆ, ಅಷ್ಟೆ.

ನಮ್ಮಂಥ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ. ಖಾಲಿಯಾದ ಬಾಟಲಿಯನ್ನು ಎಸೆಯುವುದಿಲ್ಲ. ಬಾಟಲಿಯ ಮೇಲೆ ಬರೆದಿದ್ದಕ್ಕೂ ಒಳಗೆ ಇರುವುದಕ್ಕೂ ಸಂಬಂಧ ಇರುವುದಿಲ್ಲ. ನೀರಿನ ಬಾಟಲಿಯಲ್ಲಿ ಪೆಟ್ರೋಲು, ಶರಬತ್ತಿನ ಬಾಟಲಿಯಲ್ಲಿ ಬ್ಯಾಟರಿಗೆ ಹಾಕುವ ನೀರು. ಯಾವುದರಲ್ಲಿ ಏನಿದೆ ಅಂತ ನನಗೆ ಗೊತ್ತಿದ್ದರಾಯಿತು. ಆ ವರ್ಷ ದೀಪದೆಣ್ಣೆಯ ಬಾಟಲಿಯಲ್ಲಿ ಮಷೀನೆಣ್ಣೆ ತುಂಬಿಟ್ಟಿದ್ದೆ. ನನಗೆ ಗೊತ್ತಿತ್ತು. ಭಾವನಿಗೆ ಗೊತ್ತಿರಲಿಲ್ಲ.

ಅವರು ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಭಕ್ತಿಯಿಂದ ಎರಡು ದೀಪಕ್ಕೂ ತುಂಬ ತುಂಬ ಎಣ್ಣೆ ಸುರಿದರು. ಹತ್ತಿಕೊಳ್ಳಲು ಸತಾಯಿಸಿತು. ಹತ್ತಿದ ಮೇಲೆ ಹೊಗೆ ಅಂದರೆ ಹೊಗೆ. ಕರ್ಪೂರ ಬೆಳಗುವಷ್ಟರಲ್ಲಿ ದೇವರ ಪಟ ಕಾಣದಾಯಿತು. ಭಾವ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ, ಆದರೂ ಗಂಟೆ ಬಿಡದೆ ಬಾರಿಸುತ್ತ ಪೂಜೆ ಪೂರೈಸಿದರು. ಹೊರಗೆ ಬಂದಾಗ ಅವರ ಮೂಗಿನ ಕೆಳಗೆ ಹರೆಯದವರಂತೆ ಕಪ್ಪು ಮೀಸೆ.

ನಾನು ಬಾಟಲಿ ನೋಡಿ ಎದೆ ಹೊಡೆದುಕೊಂಡೆ. "ತಪ್ಪಾಯ್ತು ಭಾವ."

ಅವರು ಕರವಸ್ತ್ರದಿಂದ ಮೂತಿ ಒರೆಸಿಕೊಂಡು ನನ್ನ ಬೆನ್ನಿಗೆ ಒಂದು ಗುದ್ದಿದರು. "ಎಂತ ತಪ್ಪು ಮಾರಾಯ. ನಿನ್ನ ಅಂಗಡಿ ದೇವರಿಗೂ ಒಂದು ಸೈಲೆನ್ಸರ್ ಕೂರಿಸು."

ಅವರು ಎಂಥವರು ಅಂತ ಹೇಳುವುದಕ್ಕೆ ಇದನ್ನು ಹೇಳಿದೆ. ಮುಖಕ್ಕೆ ಮಸಿ ಬಳಿಸಿಕೊಂಡೂ ನಕ್ಕ ಮನುಷ್ಯ ನನ್ನ ಮೇಲೆ ಸಿಟ್ಟಾಗಬಹುದು ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕೇಸರಿಬಾತಿನ ತುಪ್ಪ

ಭಾವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರು ದೂರದ ನೆಂಟರೇ, ಭಾವ ಹೆಚ್ಚುಕಡಿಮೆ ಮಾತು ಕೊಟ್ಟಾಗಿತ್ತು. ನಾನು, ಹೆಂಡತಿ ಹಿಂದಿನ ದಿನವೇ ಹೋಗಿದ್ದೆವು.

ಬೆಳಿಗ್ಗೆ ಹಜಾರದಲ್ಲಿ ಕೂತವನಿಗೆ ತಲೆಯ ಮೇಲೆ ಕಿರ್ರ್ ಕಿರ್ರ್ ಕೇಳಿಸಿತು. ಫ್ಯಾನು. ಇನ್ನು ನಾನು ಸುಮ್ಮನಿರುವುದುಂಟೇ? ಸ್ಟೂಲು ತರಿಸಿದೆ. ಭಾವನ ಮಗಳು ಸ್ಟೂಲು ಹಿಡಿದುಕೊಂಡಳು. ನಾಲ್ಕು ಹನಿ ಬಿಟ್ಟೆ, ಸದ್ದು ನಿಲ್ಲಲಿಲ್ಲ. ಇನ್ನೂ ನಾಲ್ಕು ಬಿಟ್ಟೆ, ನಿಲ್ಲಲಿಲ್ಲ. ಹುಡುಗಿಯ ಭವಿಷ್ಯದ ಪ್ರಶ್ನೆ ಅಂತ ಅರ್ಧ ಡಬ್ಬಿ ಖಾಲಿ ಮಾಡಿದೆ. ನಿಂತಿತು.

ಕೆಳಗಿಳಿದು ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದೆ: "ಇವತ್ತು ಫ್ಯಾನು ಎರಡರ ಮೇಲೆ ಇಡಬೇಡಿ. ಎಣ್ಣೆ ಒಳಗೆ ಇಳೀಬೇಕು. ಐದಕ್ಕೆ ಇಟ್ರೆ ಕೆಳಗೆ ಕೂತವರಿಗೆಲ್ಲ ಎಣ್ಣೆಸ್ನಾನ ಆಗುತ್ತೆ."

ಹನ್ನೊಂದು ಗಂಟೆಗೆ ಅವರು ಬಂದರು. ಹುಡುಗ, ಅವನ ತಂದೆ, ಸೋದರಮಾವ, ಮೂವರೂ ಬಿಳಿ ಅಂಗಿ. ತಾಯಿ ಕೆನೆಬಣ್ಣದ ರೇಷ್ಮೆ ಸೀರೆ. ಫ್ಯಾನಿನ ಕೆಳಗೇ ಸಾಲಾಗಿ ಕುರ್ಚಿ. ಭಾವ ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದರು. ಅವರ ಮಗಳು ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತಳು. ಎಲ್ಲ ಸರಿಯಾಗೇ ನಡೆಯುತ್ತಿತ್ತು.

ಅಷ್ಟರಲ್ಲಿ ಯಾರೋ ಫ್ಯಾನು ಜೋರು ಮಾಡಿದರು. ನನಗೆ ತಿಳಿಯುವ ಮೊದಲೇ ಅದು ಐದರಲ್ಲಿ ಗಿರ್ರನೆ ತಿರುಗುತ್ತಿತ್ತು.

ಮೊದಲ ಹನಿ ಹುಡುಗನ ಕೇಸರಿಬಾತಿಗೆ ಬಿತ್ತು. ಅವನು ಚಮಚದಲ್ಲಿ ತಗೊಂಡು ಬಾಯಿಗಿಟ್ಟು, "ತುಪ್ಪ ಧಾರಾಳ ಬಿಟ್ಟಿದೀರಿ," ಅಂದ. ಪಾಪ, ಒಳ್ಳೆಯ ಹುಡುಗ. ಆಮೇಲೆ ತಂದೆಯ ಭುಜ, ಸೋದರಮಾವನ ಬೆನ್ನು, ವಿಭೂತಿ ಹಚ್ಚಿದ ಹಣೆ, ಎಲ್ಲ ಕಡೆ ಟಪಟಪ ಶುರುವಾಯಿತು. ತಾಯಿ ತಮ್ಮ ರೇಷ್ಮೆಸೀರೆಯ ಮೇಲಿನ ಕಲೆ ಮುಟ್ಟಿ, ಮೂಸಿ, ತಲೆಯೆತ್ತಿ ಕೇಳಿದರು: "ಇದು ಯಾವ ತುಪ್ಪ?"

ಆಗ ಯಾರಾದರೂ ನನ್ನ ಬಾಯಿ ಮುಚ್ಚಬೇಕಿತ್ತು. ಅಂಗಡಿಯಲ್ಲಿ ಗಿರಾಕಿಗೆ ಹೇಳಿ ಹೇಳಿ ಅಭ್ಯಾಸವಾದ ಬಾಯಿ ಅದು. "ತುಪ್ಪ ಅಲ್ರೀ, ಮಷೀನೆಣ್ಣೆ," ಅಂದೆ. "ಹೆದರಬೇಡ್ರಿ, ತುಕ್ಕು ಹಿಡಿಯಲ್ಲ."

ಅವರು ಕೈ ತೊಳೆಯಲೂ ನಿಲ್ಲಲಿಲ್ಲ. ಕಾರು ಹೋದ ಮೇಲೆ ಭಾವ ನನ್ನ ಮುಖ ನೋಡದೆ, ಡಬ್ಬಿಯನ್ನು ನೋಡಿ ಒಂದೇ ಮಾತು ಹೇಳಿದರು. "ನಿನ್ನ ಎಣ್ಣೆ ಇನ್ನು ಈ ಮನೆ ಹೊಸ್ತಿಲು ದಾಟಬಾರದು." ಡಬ್ಬಿಗೆ ಹೇಳಿದರೋ ನನಗೆ ಹೇಳಿದರೋ ಅಂತ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ. "ಇಬ್ಬರಿಗೂ ಒಂದೇ ಟಿಕೆಟ್ಟು," ಅಂದಳು.

ಮಾತಿಲ್ಲದ ಬಾಟಲಿ

ಭಾವ ಮಾತು ಬಿಟ್ಟರೆ ಅರೆಬರೆ ಬಿಡುವವರಲ್ಲ. ಮನೆಯಲ್ಲಿದ್ದ ಎಣ್ಣೆಯ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿದರಂತೆ. ಅಡಿಗೆ ಎಣ್ಣೆ ಮಾತ್ರ ಉಳಿಯಿತು, ಅದೂ ನನ್ನ ಅಂಗಡಿಯಿಂದ ಹೋದದ್ದಲ್ಲ ಅಂತ.

ಆ ವರ್ಷವೇ ಗದ್ದೆ ಬದುವಿನ ಹುಲ್ಲು ಹೊಡೆಯಲು ಒಂದು ಮಷೀನು ಕೊಂಡರು. ಆ ಮಷೀನಿಗೆ ಪೆಟ್ರೋಲಿನಲ್ಲಿ ಟೂಟಿ ಅನ್ನುವ ಎಂಜಿನ್ ಎಣ್ಣೆ ಬೆರೆಸಿಯೇ ಹಾಕಬೇಕು. ಇಲ್ಲದಿದ್ದರೆ ಪಿಸ್ಟನ್ನು ಒಣಗಿ ಹಿಡಿದುಕೊಳ್ಳುತ್ತದೆ. ಇದು ಭಾವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎಣ್ಣೆ ಅಂದರೆ ಎಣ್ಣೆಯೇ, ಹಟ ಅಂದರೆ ಹಟವೇ. ಬರೀ ಪೆಟ್ರೋಲಿನಲ್ಲಿ ಓಡಿಸಿದರು. ಎರಡನೇ ದಿನ ಮಷೀನು ಕಲ್ಲಾಯಿತು.

ಅದನ್ನು ಹೊತ್ತುಕೊಂಡು ಅವರೇ ಬಂದರು. ಆ ಭಾಗದಲ್ಲಿ ಅದನ್ನು ಬಿಚ್ಚಬಲ್ಲವನು ನಾನೊಬ್ಬನೇ, ಬೇರೆ ದಾರಿ ಇರಲಿಲ್ಲ. ನನ್ನೆದುರೇ ನಿಂತು, ಊಟದ ಡಬ್ಬಿ ತಂದಿದ್ದ ತಂಗಿಯ ಕಡೆ ತಿರುಗಿ ಹೇಳಿದರು: "ಮಷೀನು ಸ್ಟಾರ್ಟ್ ಆಗ್ತಿಲ್ಲ ಅಂತ ನಿನ್ನ ಗಂಡಂಗೆ ಹೇಳು."

ನಾನೂ ಹೆಂಡತಿಯ ಕಡೆ ತಿರುಗಿದೆ. "ಎಣ್ಣೆ ಬೆರೆಸದೆ ಓಡಿಸಿದ್ರಾ ಅಂತ ನಿಮ್ಮಣ್ಣನ್ನ ಕೇಳು."

"ಹೌದು ಅಂತ ಹೇಳು. ಎಣ್ಣೆ ಹಾಕಿದ್ರೆ ಏನಾಗ್ತದೆ ಅಂತ ನಮ್ಮನೇಲಿ ಎಲ್ಲಾರೂ ನೋಡಿದಾರೆ ಅಂತಾನೂ ಹೇಳು."

ನಡುವೆ ನಿಂತಿದ್ದ ಹೆಂಡತಿ ಊಟದ ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿದಳು. "ನಾನೇನು ಮೊಬೈಲ್ ಟವರ್ರಾ? ಇಬ್ಬರೂ ಒಂದು ಮೊಳ ದೂರದಾಗೆ ನಿಂತೀರಿ, ಬಾಯಿ ಬಿಟ್ಟು ಮಾತಾಡ್ರಿ!"

ಇಬ್ಬರೂ ನೆಲ ನೋಡಿದೆವು. ಆಗ ನಾನೇ ಸೋತು "ಭಾವ" ಅಂತ ಒಂದು ಸಲ ಕರೆದಿದ್ದರೆ ಏನು ಗಂಟು ಹೋಗುತ್ತಿತ್ತು ಅಂತ ಈಗ ಅನಿಸುತ್ತದೆ. ಕರೆಯಲಿಲ್ಲ.

ಮಷೀನು ಸರಿ ಮಾಡಿ, ಒಂದು ಸಣ್ಣ ಬಾಟಲಿ ಟೂಟಿ ಎಣ್ಣೆಯನ್ನು ಅದರ ಹಿಡಿಗೆ ಸುತಲಿ ದಾರದಿಂದ ಕಟ್ಟಿ ಕಳಿಸಿದೆ. ಎಸೆಯುತ್ತಾರೆ ಅಂದುಕೊಂಡಿದ್ದೆ. ತಿಂಗಳ ಮೇಲೆ ಆ ಕಡೆಯ ಬಸ್ಸಿನ ಕಂಡಕ್ಟರು ಅದೇ ಬಾಟಲಿಯನ್ನು ಖಾಲಿಯಾಗಿ ತಂದು ಕೊಟ್ಟರು. ಚೀಟಿಯಿಲ್ಲ, ಮಾತಿಲ್ಲ. ತುಂಬಿ ಕಳಿಸಿದೆ. ಮತ್ತೆ ಖಾಲಿ ಬಂತು. ಹೀಗೆ ವರ್ಷಗಟ್ಟಲೆ ಆ ಬಾಟಲಿ ಓಡಾಡಿತು. ಖಾಲಿ ಬಂದರೆ ಭಾವ ಗದ್ದೆಗೆ ಇಳಿಯುತ್ತಿದ್ದಾರೆ, ಆರೋಗ್ಯವಾಗಿದ್ದಾರೆ ಅಂತ ನಾನು ತಿಳಿದುಕೊಳ್ಳುತ್ತಿದ್ದೆ. ಒಂದು ಮಳೆಗಾಲದಲ್ಲಿ ಎರಡು ತಿಂಗಳು ಬಾಟಲಿ ಬರದಿದ್ದಾಗ ನನಗೆ ಊಟ ಸೇರಲಿಲ್ಲ.

ಒಂದು ದಿನ ಕಂಡಕ್ಟರು ಬಾಟಲಿ ಅಲ್ಲಾಡಿಸಿ ಕೇಳಿದರು: "ಏನ್ರೀ ಇದು, ಔಷಧಿನಾ?"

"ಹೌದ್ರೀ."

"ಯಾರಿಗೆ ಕಾಯಿಲೆ, ಅವರಿಗೋ ನಿಮಗೋ?"

"ಇಬ್ಬರಿಗೂ," ಅಂದೆ. ಅವತ್ತಿನಿಂದ ಅವರು ಅದನ್ನು ಸೀಟಿನ ಕೆಳಗೆ ಇಡುವುದನ್ನು ಬಿಟ್ಟು ದೇವರ ಪಟದ ಪಕ್ಕ ಇಡತೊಡಗಿದರು.

ಒಂದೇ ಹನಿ

ಭಾವನ ಮಗಳು ಬಿ.ಎಡ್. ಮುಗಿಸಿದಳು, ಟೀಚರಾದಳು. ತನ್ನ ಶಾಲೆಯಲ್ಲೇ ಕಲಿಸುವ ಹುಡುಗನನ್ನು ಮದುವೆಯಾದಳು. ಮದುವೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು, ಉಂಡು, ಯಾವುದನ್ನೂ ಮುಟ್ಟದೆ ಬಂದೆ. ಬಡಿಸುವುದಕ್ಕೂ ಏಳಲಿಲ್ಲ. ಹತ್ತು ಜನ ಬಂದು "ಯಾಕ್ರಿ ಮೈ ಹುಷಾರಿಲ್ವಾ?" ಅಂತ ಕೇಳಿದರು.

ಹೋದ ವರ್ಷ ಅವಳ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಭಾವನ ಮನೆಯಲ್ಲಿತ್ತು. ಹೊರಡುವಾಗ ಹೆಂಡತಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಜೇಬು ತಡವಿದಳು. ಡಬ್ಬಿ ಸಿಕ್ಕಿತು. ತೆಗೆದು ಗೂಡಿನಲ್ಲಿಟ್ಟಳು. ಒಳಜೇಬು ತಡವಿದಳು. ಇನ್ನೊಂದು ಸಿಕ್ಕಿತು.

ಅಲ್ಲಿ ಹೋಗಿ ಮೂಲೆ ಹಿಡಿದು ಕೂತಿದ್ದೆ. ಭಾವನ ಮಗಳು ಬಂದು, "ಮಾವ, ಮಿಕ್ಸಿ ಯಾಕೋ ಸದ್ದು ಮಾಡ್ತಿದೆ, ಬನ್ನಿ," ಅಂದಳು. "ಬೇಡಮ್ಮಾ," ಅಂದೆ. ಬಿಡಲಿಲ್ಲ. ಅಡಿಗೆಮನೆಯಲ್ಲಿ ಮಿಕ್ಸಿ ಚೆನ್ನಾಗೇ ಇತ್ತು. ಅವಳು ಬಾಗಿಲು ಮುಂದೆ ಮಾಡಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದಳು.

"ಅವತ್ತು ಫ್ಯಾನು ಐದಕ್ಕೆ ಇಟ್ಟಿದ್ದು ನಾನು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮದುವೆ ಆದ ಮೇಲೆ ಓದು ಸಾಕು ಅಂದಿದ್ರು ಮಾವ, ಆ ಗಂಡಿನ ಕಡೆಯವರು. ಅಪ್ಪ ಮಾತು ಕೊಟ್ಟುಬಿಟ್ಟಿದ್ರು. ಬೇಡ ಅನ್ನಕ್ಕೆ ನಂಗೆ ಬಾಯೇ ಬರಲಿಲ್ಲ. ಸ್ವಿಚ್ ಬೋರ್ಡು ನನ್ನ ಬೆನ್ನ ಹಿಂದೇನೇ ಇತ್ತು. ಐದಕ್ಕೆ ಇಟ್ರೆ ಎಣ್ಣೆಸ್ನಾನ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ."

ನಾಲ್ಕು ವರ್ಷ! ನನಗೆ ಸಿಟ್ಟು ಬಂತು, ಬರಲಿಲ್ಲ ಅಂದರೆ ಸುಳ್ಳು. ನಾಲ್ಕು ಆಯುಧಪೂಜೆಗೆ ನಾನೊಬ್ಬನೇ ದೀಪ ಹಚ್ಚಿದ್ದೆ. ಅಂಬ್ಲಿಗೊಳದ ದಾರಿಗೆ ಬೈಕು ತಿರುಗಿಸಿರಲಿಲ್ಲ. ಅವಳು ಅಳುತ್ತಿದ್ದಳು. "ಹೇಳಬೇಕು ಅಂತ ಎಷ್ಟು ಸಲ ಫೋನು ತಗೊಂಡೆ ಗೊತ್ತಾ. ಅಪ್ಪಂಗೆ ಮಾತ್ರ ಹೇಳಬೇಡಿ ಮಾವ, ಎದೆ ಒಡೆದುಕೊಳ್ತಾರೆ." ಹಜಾರದಲ್ಲಿ ಮಗು ಅತ್ತಿತು. ಸಿಟ್ಟು ಎಲ್ಲಿ ಇಟ್ಟುಕೊಳ್ಳುವುದು ಗೊತ್ತಾಗದೆ, "ಆಯ್ತು, ಹೇಳಲ್ಲ," ಅಂದುಬಿಟ್ಟೆ.

ಹಜಾರಕ್ಕೆ ಬಂದರೆ ತೊಟ್ಟಿಲ ಶಾಸ್ತ್ರ ನಡೆಯುತ್ತಿತ್ತು. ಅದೇ ಹಜಾರ, ಫ್ಯಾನು ಮಾತ್ರ ಹೊಸದು. ತೊಲೆಯ ಕಬ್ಬಿಣದ ಕೊಂಡಿಗೆ ತೊಟ್ಟಿಲು ಕಟ್ಟಿದ್ದರು. ಒಂದು ಸಲ ತೂಗಿದರೆ ಕಿರ್ರ್. ಮಗು ಚೀರುತ್ತದೆ. ನಿಲ್ಲಿಸಿದರೆ ಸುಮ್ಮನಾಗುತ್ತದೆ. ಮತ್ತೆ ತೂಗಿದರೆ ಕಿರ್ರ್, ಮತ್ತೆ ಚೀರಾಟ. ಹೆಂಗಸರು ಹಾಡು ನಿಲ್ಲಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

"ಎಂತ ನೋಡ್ತಾ ಕೂತಿದೀಯ ಮಾರಾಯ? ಕೇಳ್ತಿಲ್ವಾ? ಒಂಚೂರು ಎಣ್ಣೆ ಬಿಡು."

ಭಾವ. ನನಗೇ. ತಂಗಿಯ ಕಡೆ ತಿರುಗದೆ, ನೇರ ನನ್ನ ಮುಖ ನೋಡಿ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಡಬ್ಬಿ ಇರಲಿಲ್ಲ. "ತಂದಿಲ್ಲ ಭಾವ," ಅಂದೆ. ಹೆಂಡತಿ ಹಣೆ ಚಚ್ಚಿಕೊಂಡಳು. ಯಾರೋ ಮಗುವಿನ ತಲೆಗೆ ಹಚ್ಚುವ ಹರಳೆಣ್ಣೆಯನ್ನು ಒಂದು ಚಮಚದಲ್ಲಿ ತಂದರು. ಮಗುವನ್ನು ಎತ್ತಿಕೊಂಡು ತೊಟ್ಟಿಲು ಪಕ್ಕಕ್ಕೆ ಸರಿಸಿದರು. ನಾನು ಸ್ಟೂಲು ಹತ್ತಿದೆ. ಈ ಸಲ ಸ್ಟೂಲು ಹಿಡಿದದ್ದು ಭಾವ.

"ಎಷ್ಟು ಹನಿ?" ಕೆಳಗಿನಿಂದ ಕೇಳಿದರು.

"ಒಂದೇ ಸಾಕು ಭಾವ."

"ಅವತ್ತು ಎಷ್ಟು ಬಿಟ್ಟಿದ್ದೆ?"

"ಅರ್ಧ ಡಬ್ಬಿ."

ಅವರು ತಲೆಯೆತ್ತಿ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು. "ಐದಕ್ಕೆ ಇಟ್ಟಿದ್ದು ನಮ್ಮ ಹುಡುಗೀನೇ. ನಾನು ಬಾಗಿಲ ಹತ್ರ ನಿಂತಿದ್ನಲ್ಲ, ಕಣ್ಣಾರೆ ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ, ಹೇಳಬೇಡ. ಹುಡುಗಿ ಬೇಕಂತಲೇ ಮಾಡಿದ್ಲು ಅಂತ ನೆಂಟರಲ್ಲಿ ಹಬ್ಬಿದ್ರೆ ಇನ್ನೊಂದು ಸಂಬಂಧ ಬರ್ತಿತ್ತಾ? ಯಾರ ಮೇಲಾದ್ರೂ ಸಿಟ್ಟು ಮಾಡಬೇಕಿತ್ತು, ನೀನು ಕೈಗೆ ಸಿಕ್ಕಿದೆ. ಮಾತು ಬಿಟ್ಟಿದ್ದು ಸುಲಭ ಆಯ್ತು ಮಾರಾಯ. ಆಮೇಲೆ ಹೆಂಗೆ ಶುರು ಮಾಡದು ಅಂತ ತಿಳೀಲಿಲ್ಲ."

ಕೈಯಲ್ಲಿ ಚಮಚ ಇರುವುದನ್ನೇ ಮರೆತು ಅವರ ಮುಖ ನೋಡಲು ಬಗ್ಗಿದೆ. ಇದ್ದಷ್ಟು ಹರಳೆಣ್ಣೆಯೂ ಕೆಳಗೆ ಹೋಯಿತು. ಭಾವನ ನೆತ್ತಿ, ಹಣೆಯ ವಿಭೂತಿ, ಮೂಗು, ಹೊಸ ಬಿಳಿ ಅಂಗಿ. ಹೆಂಡತಿ ಕಣ್ಣು ಮುಚ್ಚಿಕೊಂಡಳು. ನಾನು ಸ್ಟೂಲಿನ ಮೇಲೆಯೇ, ಇನ್ನೂ ನಾಲ್ಕು ವರ್ಷ ಹೋಯಿತು ಅಂತ ನಿಂತೆ.

ಭಾವ ಕೈ ಎತ್ತಿ ಮೂಗಿನ ಮೇಲಿನ ಎಣ್ಣೆ ಒರೆಸಿಕೊಂಡರು. ಒರೆಸಿಕೊಂಡು ಆ ಬೆರಳನ್ನು ನನ್ನ ಕಡೆ ಎತ್ತಿ ಹಿಡಿದರು, ಅದರ ಎಣ್ಣೆಯನ್ನೇ ತಗೊಂಡು ನಾನು ಕೊಂಡಿಗೆ ಸವರಿದೆ. ಭಾವ ತೊಟ್ಟಿಲು ತೂಗಿ ನೋಡಿದರು. ಸದ್ದಿಲ್ಲ.

"ಅವತ್ತು ಎಲ್ಲಾರ ಮೇಲೂ ಬಿತ್ತು, ನನ್ನ ಮೇಲೆ ಒಂದು ಹನಿನೂ ಬೀಳಲಿಲ್ಲ," ಅಂದರು. "ನನ್ನ ಪಾಲಿಂದು ಕೊಡಕ್ಕೆ ನಾಲ್ಕು ವರ್ಷ ಬೇಕಾಯ್ತನಾ ಮಾರಾಯ ನಿಂಗೆ?"

ಮನೆಯೆಲ್ಲ ನಕ್ಕಿತು. ಭಾವ ಸ್ಟೂಲು ಬಿಟ್ಟಿರಲಿಲ್ಲ, ಒಂದು ಕೈಯಲ್ಲಿ ನನ್ನ ಕಾಲನ್ನೂ ಹಿಡಿದುಕೊಂಡಿದ್ದರು. ನಾನು ನಗುತ್ತ ನಗುತ್ತ ತೊಲೆಯ ಕಡೆ ಮುಖ ಮಾಡಿಕೊಂಡು, ಕೆಲಸವೇನೂ ಉಳಿದಿರದಿದ್ದರೂ ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ.